‘ಆಗಲ್ಲ ಸಾರ್’ ಅನ್ನೋಕೆ ಒಂದು ಆಸರೆ ಬೇಕು

ಬೆಂಗಳೂರಿನಲ್ಲಿ ನಾನು ಆರು ವರ್ಷ ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ಕೆಲಸ ಮಾಡಿದೆ. ಕೊನೆಯ ವರ್ಷ ಒಂದು ಕಟ್ಟಡದ ಫೈಲ್ ಬಂತು. ಮೂರು ಅಂತಸ್ತಿಗೆ ಅಂತ ನಾವೇ ಡಿಸೈನ್ ಮಾಡಿದ್ದು. ಮಾಲೀಕರು ಐದು ಅಂತಸ್ತು ಕಟ್ಟಿ ಮುಗಿಸಿದ್ದರು. ಈಗ ಅವರಿಗೆ ಕಟ್ಟಡ ಗಟ್ಟಿಯಾಗಿದೆ ಅನ್ನುವ ಸ್ಟೆಬಿಲಿಟಿ ಸರ್ಟಿಫಿಕೇಟ್ ಬೇಕಿತ್ತು. ನಮ್ಮ ಹಿರಿಯರು ಫೈಲ್ ನನ್ನ ಮುಂದಿಟ್ಟು, "ಏನೂ ಆಗಲ್ಲ ಕಣಪ್ಪ, ಲೆಕ್ಕ ಸ್ವಲ್ಪ ಸರಿಮಾಡಿ ಕೊಡು" ಅಂದರು. ನನಗೆ ಕೆಲಸ ಕಲಿಸಿದವರು ಅವರು. ರಾತ್ರಿ ಒಂಬತ್ತರವರೆಗೆ ಪಕ್ಕದಲ್ಲಿ ಕೂತು ನನ್ನ ತಪ್ಪು ತಿದ್ದಿದವರು. ಅವರ ಮುಖ ನೋಡಿ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಜ್ವರ ಅಂತ ಮೂರು ದಿನ ರಜೆ ಹಾಕಿದೆ. ವಾಪಸ್ ಬರುವಷ್ಟರಲ್ಲಿ ಬೇರೆಯವರು ಸಹಿ ಹಾಕಿದ್ದರು. ಆ ಕಟ್ಟಡ ಇನ್ನೂ ನಿಂತಿದೆ. ಊರಿಗೆ ಹೋದಾಗ ಆ ರಸ್ತೆಯಲ್ಲಿ ಹೋಗೋಕೆ ನನಗೆ ಈಗಲೂ ಆಗುವುದಿಲ್ಲ.

ಆ ಕಚೇರಿಯಲ್ಲೂ ನೀತಿ ಸಂಹಿತೆ ಇತ್ತು. ಸೇರಿದ ದಿನ ಪಿಎಫ್ ಫಾರಂ ಜೊತೆಗೇ ಅದಕ್ಕೂ ಸಹಿ ಹಾಕಿಸಿಕೊಂಡಿದ್ದರು. ಹನ್ನೆರಡು ಪುಟ, ಪೂರ್ತಿ ಇಂಗ್ಲಿಷ್. ಪ್ರಾಮಾಣಿಕತೆ, ಪಾರದರ್ಶಕತೆ, ಗ್ರಾಹಕರ ಹಿತ ಎಲ್ಲ ಇತ್ತು. ಹಿರಿಯರೇ ತಪ್ಪು ಕೆಲಸ ಹೇಳಿದರೆ ಏನು ಮಾಡಬೇಕು ಅನ್ನುವುದು ಮಾತ್ರ ಇರಲಿಲ್ಲ.

ಈಗ ಒಂಬತ್ತು ವರ್ಷದಿಂದ ಕೆನಡಾದ ಹ್ಯಾಮಿಲ್ಟನ್‌ನಲ್ಲಿದ್ದೇನೆ. ಒಂಟಾರಿಯೊ ಪ್ರಾಂತ್ಯದಲ್ಲಿ ಲೈಸೆನ್ಸ್ ಇಲ್ಲದೆ ಎಂಜಿನಿಯರ್ ಅಂತ ಸಹಿ ಹಾಕುವ ಹಾಗಿಲ್ಲ. ಲೈಸೆನ್ಸ್ ಬೇಕಾದರೆ ಕಾನೂನು ಮತ್ತು ವೃತ್ತಿ ನೀತಿಯ ಪರೀಕ್ಷೆಯೊಂದನ್ನು ಬರೆಯಬೇಕು. ಅದಕ್ಕೆ ಓದುವಾಗ ಒಂದು ಕಡೆ ನಿಂತುಬಿಟ್ಟೆ. ಒಂಟಾರಿಯೊದ ಎಂಜಿನಿಯರ್‌ಗಳಿಗೆ ಅನ್ವಯಿಸುವ 941ನೇ ನಿಯಮಾವಳಿ, 72ನೇ ಸೆಕ್ಷನ್. ಜನರಿಗೆ ಅಪಾಯವಿದೆ ಅಂತ ಗೊತ್ತಿದ್ದೂ ಅದನ್ನು ಸರಿಪಡಿಸದೆ, ಯಾರಿಗೂ ತಿಳಿಸದೆ ಇದ್ದರೆ ಅದು ದುರ್ನಡತೆ. ತಾಂತ್ರಿಕ ಜ್ಞಾನವಿಲ್ಲದ ಮೇಲಿನವರು ನಿಮ್ಮ ತೀರ್ಮಾನ ತಳ್ಳಿಹಾಕಿದರೆ, ಅದರಿಂದ ಏನಾಗಬಹುದು ಅಂತ ಅವರಿಗೆ ಸ್ಪಷ್ಟವಾಗಿ ಹೇಳದೆ ಇದ್ದರೂ ದುರ್ನಡತೆ. ಆ ಲೆಕ್ಕದಲ್ಲಿ ನನ್ನ ಮೂರು ದಿನದ ಜ್ವರವೂ ದುರ್ನಡತೆಯೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಇದೇ ನಿಯಮಾವಳಿಯ 77ನೇ ಸೆಕ್ಷನ್ನಿನಲ್ಲಿ ನೀತಿ ಸಂಹಿತೆ ಬೇರೆಯೇ ಇದೆ. ಜನರ ಕ್ಷೇಮವೇ ಎಲ್ಲಕ್ಕಿಂತ ದೊಡ್ಡದು ಅನ್ನುತ್ತದೆ ಅದು. ಬರೀ 77 ಮುರಿದರೆ ಶಿಕ್ಷೆ ಇಲ್ಲ, 72 ಮುರಿದರೆ ಲೈಸೆನ್ಸಿಗೇ ಕುತ್ತು. ಹೇಗಿರಬೇಕು ಅನ್ನುವುದನ್ನೂ ಏನು ಮಾಡಿದರೆ ಕೆಲಸ ಹೋಗುತ್ತದೆ ಅನ್ನುವುದನ್ನೂ ಬೇರೆ ಬೇರೆ ಇಟ್ಟಿದ್ದಾರೆ. ನನಗೆ ಇದು ತುಂಬಾ ಹಿಡಿಸಿತು. ನಮ್ಮಲ್ಲಿ ಎರಡನ್ನೂ ಕಲಸಿಬಿಡುತ್ತೇವೆ. ಕೊನೆಗೆ ಎಲ್ಲವೂ ಬರೀ ಒಳ್ಳೆಯ ಮಾತಾಗಿ ಉಳಿಯುತ್ತದೆ.

ಇಲ್ಲಿಗೆ ಬಂದು ನಾಲ್ಕನೇ ವರ್ಷ ಬೆಂಗಳೂರಿನ ಆ ಹಳೆಯ ಸಂಕಟವೇ ಮತ್ತೆ ಎದುರಾಯಿತು. ಒಂದು ಪಾರ್ಕಿಂಗ್ ಕಟ್ಟಡ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ಚಕ್ರದ ಜೊತೆ ಒಳಗೆ ಬಂದು, ನೀರಿನಲ್ಲಿ ಇಳಿದು, ಕಾಂಕ್ರೀಟ್ ಒಳಗಿನ ಕಂಬಿಯನ್ನು ತಿಂದುಹಾಕಿತ್ತು. ನನ್ನ ವರದಿಯಿಂದ ಇದನ್ನು ಹೇಳುವ ಒಂದು ಪ್ಯಾರಾ ತೆಗೆಯಿರಿ ಅಂತ ಮಾಲೀಕರ ಕಡೆಯವರು ಕೇಳಿದರು. "ಆಗಲ್ಲ, ನನ್ನ ಲೈಸೆನ್ಸ್ ಹೋಗುತ್ತೆ" ಅಂದೆ. ಅಷ್ಟೇ. ಅವರಿಗೆ ಕೋಪವೂ ಬರಲಿಲ್ಲ. ನನಗೆ ಧೈರ್ಯ ಜಾಸ್ತಿಯಾಗಿತ್ತು ಅಂತಲ್ಲ. ಹೇಳೋಕೆ ಒಂದು ಮಾತು ಸಿಕ್ಕಿತ್ತು. ‘ನೀವು ತಪ್ಪು ಮಾಡುತ್ತಿದ್ದೀರಿ’ ಅನ್ನದೆ ‘ನಿಯಮ ಬಿಡುವುದಿಲ್ಲ’ ಅಂದರೆ ಯಾರ ಮುಖವೂ ಕೆಡುವುದಿಲ್ಲ. ಸಂಬಂಧಕ್ಕೆ ಇಷ್ಟು ಬೆಲೆ ಕೊಡುವ ನಮ್ಮ ಊರಿಗೆ ಇಂಥ ಆಸರೆ ಇನ್ನೂ ಜಾಸ್ತಿ ಬೇಕು, ಅಲ್ವಾ?

ಇಲ್ಲಿ ಓದಿದ ಎಂಜಿನಿಯರ್‌ಗಳು ಬರೆಯುವ ಕೈಯ ಕಿರುಬೆರಳಿಗೆ ಒಂದು ಸಾದಾ ಉಂಗುರ ಹಾಕುತ್ತಾರೆ. 1925ರಿಂದ ನಡೆದು ಬಂದ ಪದ್ಧತಿ. ಸಹಿ ಹಾಕುವಾಗ ಅದು ಕಾಗದಕ್ಕೆ ತಾಗಿ ಹೊಣೆ ನೆನಪಿಸುತ್ತದೆ. ಕೆನಡಾದ ಕ್ವಿಬೆಕ್ ಸೇತುವೆ ಬಿದ್ದಾಗಿನ ಕಬ್ಬಿಣದಿಂದ ಮೊದಲ ಉಂಗುರಗಳನ್ನು ಮಾಡಿದರು ಅಂತ ತುಂಬಾ ಜನ ನಂಬಿದ್ದಾರೆ. ಅದು ನಿಜವಲ್ಲ. ಆದರೆ ಆ ಸೇತುವೆಯ ಕಥೆ ನಿಜ. 1907ರ ಆಗಸ್ಟ್ 29. ಕೆಳಗಿನ ಉಕ್ಕಿನ ಭಾಗಗಳು ಬಾಗುತ್ತಿರುವುದನ್ನು ಸೈಟಿನ ಎಂಜಿನಿಯರ್ ಕಂಡಿದ್ದರು. ನ್ಯೂಯಾರ್ಕ್‌ನಲ್ಲಿದ್ದ ಸಲಹಾ ಎಂಜಿನಿಯರ್ ಥಿಯೋಡರ್ ಕೂಪರ್ ಅವರಿಗೆ ತಿಳಿಸಲು ಅಷ್ಟು ದೂರ ಹೋದರು. ಇನ್ನು ಭಾರ ಹಾಕಬೇಡಿ ಅಂತ ಕೂಪರ್ ಸೇತುವೆ ಕಟ್ಟುತ್ತಿದ್ದ ಪೆನ್ಸಿಲ್ವೇನಿಯಾದ ಕಂಪನಿಗೆ ಟೆಲಿಗ್ರಾಂ ಕಳಿಸಿದರು. ಸೇತುವೆಯ ಮೇಲಿದ್ದವರಿಗೆ ಸುದ್ದಿ ಮುಟ್ಟಲಿಲ್ಲ. ಅದೇ ಸಂಜೆ ಸೇತುವೆ ಬಿತ್ತು. 75 ಜನ ಸತ್ತರು. ಅಪಾಯ ಗೊತ್ತಿದ್ದವರು ಇದ್ದರು. ಕೆಲಸ ನಿಲ್ಲಿಸಿ ಅನ್ನುವ ಮಾತು ಸೇತುವೆಯವರೆಗೆ ಬರೋಕೆ ದಾರಿ ಇರಲಿಲ್ಲ.

ಇಲ್ಲಿ ಈಗ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. 2012ರ ಜೂನ್‌ನಲ್ಲಿ ಇದೇ ಒಂಟಾರಿಯೊದ ಎಲಿಯಟ್ ಲೇಕ್ ಊರಿನಲ್ಲಿ ಮಾಲ್ ಒಂದರ ಚಾವಣಿ ಕುಸಿದು ಇಬ್ಬರು ಹೆಂಗಸರು ಸತ್ತರು. ವರ್ಷಗಟ್ಟಲೆ ಸೋರಿದ ನೀರು ಮತ್ತು ಉಪ್ಪು ಉಕ್ಕನ್ನು ತಿಂದಿತ್ತು. ಕೆಲವೇ ವಾರ ಮುಂಚೆ ಬಂದ ವರದಿಯಲ್ಲಿ ಕಟ್ಟಡ ಗಟ್ಟಿಯಾಗಿದೆ ಅಂತಿತ್ತು. ಮಾಲೀಕನ ಮಾತಿಗೆ ಅದರಿಂದ ಸೋರಿಕೆಯ ವಿಷಯ ತೆಗೆದದ್ದು ವಿಚಾರಣೆಯಲ್ಲಿ ಹೊರಬಿತ್ತು. ನಿಯಮಾವಳಿ ಆಗಲೂ ಇತ್ತು. ಪಾಲಿಸುವ ಕೈ ಇರಲಿಲ್ಲ.

ನಮ್ಮಲ್ಲಿ ವಕೀಲರಿಗೆ 1961ರ ಕಾಯ್ದೆ ಇದೆ, ವಾಸ್ತುಶಿಲ್ಪಿಗಳಿಗೆ 1972ರದ್ದು ಇದೆ. ಎಂಜಿನಿಯರ್‌ಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. ನಗರಪಾಲಿಕೆಯ ನೋಂದಣಿ ಇದೆ, ಅದು ಆಯಾ ಊರಿನ ಮಟ್ಟಕ್ಕೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದ ದಿನ ನಾನು ಇಲ್ಲಿ ಕೂತು ಸುದ್ದಿ ನೋಡುತ್ತಲೇ ಇದ್ದೆ. ಕಣ್ಣ ಮುಂದೆ ನಾನು ಸಹಿ ಹಾಕದ ಆ ಫೈಲೇ ಬರುತ್ತಿತ್ತು.

ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತೇವೆ. ಸರ್ಕಾರಿ ಕೆಲಸಕ್ಕೊಂದು ದೀಪ, ಸ್ವಂತ ಕೆಲಸಕ್ಕೊಂದು ದೀಪ ಅನ್ನುವ ಕಥೆ ಮಕ್ಕಳಿಗೂ ಗೊತ್ತು. ಹಾರ ಹಾಕಬೇಕು, ಕಥೆ ಹೇಳಬೇಕು. ಆದರೆ ಎಲ್ಲರೂ ಅವರಾಗೋಕೆ ಆಗುವುದಿಲ್ಲ. ಮನೆ ಸಾಲ ಇರುವ ಇಪ್ಪತ್ತಾರರ ಹುಡುಗನಿಗೆ ದೀಪದ ಕಥೆ ಸಾಲುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಫೈಲ್ ಮುಂದೆ ಬಂದಾಗ ಏನು ಹೇಳಬೇಕು, ಯಾರನ್ನು ಕೇಳಬೇಕು ಅಂತ ಅವನಿಗೆ ಗೊತ್ತಿರಬೇಕು.

ನಮ್ಮ ಊರಿನ ಒಂದು ಒಳ್ಳೆಯ ಅಭ್ಯಾಸ ಇಲ್ಲಿ ನನಗೆ ಸಿಗಲಿಲ್ಲ. ಸೈಟಿನಲ್ಲಿ ಮೇಸ್ತ್ರಿ ನೇರವಾಗಿ "ಸಾರ್, ಈ ಕಂಬಿ ಸಾಲಲ್ಲ" ಅನ್ನುತ್ತಿದ್ದರು. ಇಲ್ಲಿ ಎಲ್ಲರೂ ಇಮೇಲ್ ಬರೆದು ಸುಮ್ಮನಾಗುತ್ತಾರೆ. ಸಂಹಿತೆ ಬರೆಯೋಕೆ ಕೂತಾಗ ಅಂಥ ಮೇಸ್ತ್ರಿಯನ್ನೂ ಕೂರಿಸಬೇಕು. ಅವರಿಗೆ ಅರ್ಥವಾಗುವ ಕನ್ನಡದಲ್ಲೇ ಬರೆಯಬೇಕು. ನನ್ನ ಈಗಿನ ಕಚೇರಿಯಲ್ಲೂ ಸಂಹಿತೆಯನ್ನು ಕೆಲಸ ಮಾಡುವವರ ಮಾತಿನಿಂದಲೇ ಬರೆದೆವು. ಮೊದಲು ನಿಯಮ ಬರೆಯಲಿಲ್ಲ. ಎಲ್ಲಿ ಎಡವಿದ್ದೇವೆ ಅಂತ ಒಬ್ಬೊಬ್ಬರೂ ಹೇಳಿದರು. ಸಾಮಾನು ಕೊಡುವವರಿಂದ ಹಾಕಿ ಪಂದ್ಯದ ಟಿಕೆಟ್ ತೆಗೆದುಕೊಂಡಿದ್ದನ್ನು ನಮ್ಮ ಮ್ಯಾನೇಜರ್ ಅವರೇ ಮೊದಲು ಒಪ್ಪಿಕೊಂಡರು. ಅದಾದ ಮೇಲೆ ಉಳಿದವರಿಗೂ ಬಾಯಿ ಬಂತು. ನಾಲ್ಕು ಪುಟದ ಸಂಹಿತೆ ಹುಟ್ಟಿದ್ದು ಆ ಮಾತುಗಳಿಂದ.

ಹೋದ ಡಿಸೆಂಬರ್‌ನಲ್ಲಿ ದಾವಣಗೆರೆಗೆ ಹೋಗಿದ್ದೆ. ಅಕ್ಕನ ಮಗನೂ ಸಿವಿಲ್ ಎಂಜಿನಿಯರ್. ಅವನು ಮತ್ತು ಅವನ ಮೂರು ಸ್ನೇಹಿತರ ಜೊತೆ ಜಗಲಿಯಲ್ಲಿ ಕೂತು, ಅವರು ಕಂಡ ಐದು ಪ್ರಸಂಗಗಳನ್ನು ಕನ್ನಡದಲ್ಲಿ ಬರೆದೆವು. ಪ್ರತಿಯೊಂದರ ಕೆಳಗೂ ‘ಏನು ಹೇಳಬೇಕು’ ಅಂತ ಒಂದು ಸಾಲು, ‘ಯಾರಿಗೆ ಫೋನ್ ಮಾಡಬೇಕು’ ಅಂತ ಇನ್ನೊಂದು. ಮೊದಲ ಸಾಲು ಬೇಗ ತುಂಬಿತು. ಎರಡನೆಯದು ಐದೂ ಕಡೆ ಖಾಲಿ ಉಳಿಯಿತು. "ಇಲ್ಲಿ ಯಾರ ಹೆಸರು ಬರೀಲಿ ಮಾವ?" ಅಂದ ಅವನು. ಸದ್ಯಕ್ಕೆ ನನ್ನ ನಂಬರ್ ಬರೆದುಕೊಟ್ಟೆ. ಇಲ್ಲಿ ಮಧ್ಯರಾತ್ರಿ ಆಗಿದ್ದರೂ ಎತ್ತುತ್ತೇನೆ ಅಂತ ಹೇಳಿ ಬಂದಿದ್ದೇನೆ.