ನನ್ನ ಲೆಮಾನ್ಸ್ ಜಿಟಿಓ ಆಗಲ್ಲ

ಕಳೆದ ಭಾನುವಾರ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು ಕೈ ತೊಳೆದವರೇ ಸೀದಾ ಗ್ಯಾರೇಜಿಗೆ ಹೋದರು. ನನ್ನ ಕಾರಿಗೆ ಎರಡು ಪ್ರದಕ್ಷಿಣೆ ಹಾಕಿದರು. ಬಗ್ಗಿ ಕೆಳಗೆ ನೋಡಿದರು. ಆಮೇಲೆ, "ಅಲ್ಲ ಮಾರಾಯಾ, ಇಷ್ಟೆಲ್ಲ ಕಷ್ಟ ಪಡ್ತೀಯ. ಒಂದು ಜಿಟಿಓ ಬಾನೆಟ್ಟು, ನಾಲ್ಕು ಬ್ಯಾಡ್ಜು ಹಾಕಿಬಿಡು. ಯಾರಿಗೆ ಗೊತ್ತಾಗುತ್ತೆ? ಬೆಲೆ ಎಲ್ಲಿಗೋ ಹೋಗುತ್ತೆ" ಅಂದರು.

ಈ ಸಲಹೆ ಕೊಟ್ಟವರಲ್ಲಿ ಅವರು ಐದನೆಯವರೋ ಆರನೆಯವರೋ. ಪ್ರತಿ ಸಲ ನಕ್ಕು ಸುಮ್ಮನಾಗುತ್ತೇನೆ. ಈ ಸಲ ಯಾಕೋ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಉದ್ದ ಇದೆ, ಕಾಫಿ ಹಿಡಿದು ಕೂತ್ಕೊಳ್ಳಿ.

ಗೊತ್ತಿಲ್ಲದವರಿಗೆ ಮೊದಲು ಕಾರಿನ ಪರಿಚಯ. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಗ್ಯಾರೇಜಿನಲ್ಲಿರುವುದು 1967ರ ಲೆಮಾನ್ಸ್, ಜನರಲ್ ಮೋಟರ್ಸ್‌ನ ಪಾಂಟಿಯಾಕ್ ಕಂಪನಿಯದು. ಎರಡು ಬಾಗಿಲು, 326 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಅಂದರೆ 5.3 ಲೀಟರ್. ಕಾರ್ಖಾನೆ ಲೆಕ್ಕದಲ್ಲಿ 250 ಕುದುರೆ ಶಕ್ತಿ. ಎರಡೇ ಗೇರಿನ ಆಟೋಮ್ಯಾಟಿಕ್. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಜಿಟಿಓ ಅಂದರೆ ಇದರದ್ದೇ ಜೋರಿನ ಅಣ್ಣ, ಜನ ಮುಗಿಬಿದ್ದು ಕೊಳ್ಳುವ ಪಾಂಟಿಯಾಕ್. ಅದೇ ವರ್ಷದ ಜಿಟಿಓಗೆ 400 ಕ್ಯೂಬಿಕ್ ಇಂಚಿನ ಎಂಜಿನ್, ಮಾಮೂಲಿ ಟ್ಯೂನಿಂಗ್‌ನಲ್ಲೇ 335 ಕುದುರೆ. ಮೈಕಟ್ಟು ಎರಡಕ್ಕೂ ಒಂದೇ. ಬಾನೆಟ್ ಮೇಲಿನ ಮೂಗು, ಮುಂದಿನ ಗ್ರಿಲ್, ಹಿಂದಿನ ದೀಪ, ಬ್ಯಾಡ್ಜು, ಇಷ್ಟು ಬದಲಾಯಿಸಿದರೆ ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೊಂದು ವಿಷಯ. ಪಾಂಟಿಯಾಕ್‌ನ 326, 389, 400 ಎಂಜಿನ್‌ಗಳ ಹೊರಗಿನ ಅಳತೆಯೂ ಒಂದೇ. ಒಂದನ್ನು ಇಳಿಸಿದ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಹೀಗಾಗಿ ಆಸೆ ಹುಟ್ಟುವುದು ತುಂಬಾ ಸುಲಭ.

ಕೊಂಡಾಗ ಕಾರು ಕೆಂಪಗಿತ್ತು. ಮಾರಿದವನು "ತುಕ್ಕೇ ಇಲ್ಲ" ಅಂದಿದ್ದ. ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಹೋಗಿದ್ದೆ. ಆದರೆ ಅವನು ಮಾತಾಡುತ್ತಲೇ ಇದ್ದ, ನಾನು ತಲೆ ಆಡಿಸುತ್ತಲೇ ಇದ್ದೆ. ಅಯಸ್ಕಾಂತ ಜೇಬಿನಲ್ಲೇ ಉಳಿಯಿತು. ಮನೆಗೆ ತಂದು ಹಿಂದಿನ ಮಡ್‌ಗಾರ್ಡ್ ಕೆಳಗೆ ಅಂಟಿಸಿದರೆ ಟಪ್ ಅಂತ ಬಿತ್ತು. ಅಲ್ಲಿ ತಗಡೇ ಇರಲಿಲ್ಲ. ಬೆರಳು ದಪ್ಪ ಪುಟ್ಟಿ. ಪುಟ್ಟಿಯ ಹಿಂದೆ ತಂತಿ ಬಲೆ, ಬಲೆಯ ಹಿಂದೆ ಮುದ್ದೆ ಮಾಡಿ ತುರುಕಿದ ಹಳೇ ಪೇಪರು.

ತುಕ್ಕಿನ ಕಥೆ ಇಲ್ಲಿಯ ಎಲ್ಲ ಹಳೇ ಕಾರುಗಳದ್ದೂ ಹೌದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಮಂಜು ಕರಗಲಿ ಅಂತ. ಡೆಟ್ರಾಯಿಟ್ ಊರಿನ ಕೆಳಗೆ ಸಾವಿರ ಅಡಿಗೂ ಜಾಸ್ತಿ ಆಳದಲ್ಲಿ ಉಪ್ಪಿನ ಗಣಿ ಇದೆ. ರಸ್ತೆಗೆ ಹಾಕುವ ಉಪ್ಪು ಅಲ್ಲಿಂದ ಇವತ್ತಿಗೂ ಬರುತ್ತದೆ. ಕಾರು ಮಾಡಿದ್ದೂ ಇದೇ ಊರಿನ ಸುತ್ತಮುತ್ತ, ಅದನ್ನು ತಿಂದು ಹಾಕಿದ ಉಪ್ಪೂ ಇದೇ ಊರಿನ ಹೊಟ್ಟೆಯೊಳಗಿನದು. ಇದು ಗೊತ್ತಾದ ದಿನ ನಾನು ಗ್ಯಾರೇಜಿನಲ್ಲಿ ಒಬ್ಬನೇ ಕೂತು ನಕ್ಕಿದ್ದೆ.

ಈ ಕಾರುಗಳಿಗೆ ಇನ್ನೊಂದು ಕಾಯಿಲೆ ಹಿಂದಿನ ಗಾಜಿನ ಕೆಳಗೆ. ಗಾಜಿನ ಸುತ್ತ ಹೊಳೆಯುವ ಪಟ್ಟಿ ಇರುತ್ತದಲ್ಲ, ಅದರ ಅಡಿಯಲ್ಲಿ ನೀರು ನಿಲ್ಲುತ್ತದೆ. ವರ್ಷಗಟ್ಟಲೆ ನಿಂತು ತಗಡು ತೂತಾಗುತ್ತದೆ. ಆಮೇಲೆ ನೀರು ಡಿಕ್ಕಿಗೆ ಇಳಿದು ಅಲ್ಲಿಯ ನೆಲವನ್ನೂ ತಿನ್ನುತ್ತದೆ. ಎಲ್ಲರೂ ಡಿಕ್ಕಿಯ ನೆಲ ಬದಲಾಯಿಸಿ ಬೀಗುತ್ತಾರೆ, ಗಾಜಿನ ಅಂಚು ಮರೆಯುತ್ತಾರೆ. ಎರಡು ಮಳೆಗಾಲಕ್ಕೆ ಹೊಸ ನೆಲವೂ ಹೋಗುತ್ತದೆ. ಇದು ನನ್ನ ಬುದ್ಧಿವಂತಿಕೆ ಅಲ್ಲ. ಪಕ್ಕದ ಮನೆಯ ಅಜ್ಜ ಹೇಳಿಕೊಟ್ಟದ್ದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ವೆಲ್ಡಿಂಗ್ ಕಲಿತದ್ದು ಈ ಕಾರಿನ ಮೇಲೆಯೇ. ಒಂದು ಮಿಲಿಮೀಟರ್ ಆಸುಪಾಸಿನ ತಗಡು. ಒಂದೇ ಏಟಿಗೆ ಉದ್ದಕ್ಕೆ ಬೆಸುಗೆ ಎಳೆದರೆ ಬಿಸಿಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಕೈಯಿಟ್ಟು ತಣ್ಣಗಾಯ್ತಾ ನೋಡಿ ಮತ್ತೊಂದು. ರಂಗೋಲಿ ಚುಕ್ಕೆ ಇಟ್ಟ ಹಾಗೆ. ಎರಡು ಅಡಿ ಸೇರಿಸಲು ಒಂದು ಇಡೀ ಶನಿವಾರ. ಒಮ್ಮೆ ತಗಡಿನ ಕೆಳಗೆ ಬಳಿದಿದ್ದ ಹಳೇ ಟಾರಿಗೆ ಬೆಂಕಿ ಹತ್ತಿಕೊಂಡಿತು. ಮುಖಕ್ಕೆ ಮುಖವಾಡ ಇದ್ದುದರಿಂದ ನನಗೆ ಕಾಣಿಸಲೇ ಇಲ್ಲ. ಬಟ್ಟೆ ಒಗೆಯಲು ಬಂದಿದ್ದ ನನ್ನ ಹೆಂಡತಿ ಬಕೆಟ್ ಹಿಡಿದು ಓಡಿ ಬಂದಳು. ಅವತ್ತಿನಿಂದ ಗ್ಯಾರೇಜಿನಲ್ಲಿ ಎರಡು ಬೆಂಕಿ ಆರಿಸುವ ಸಿಲಿಂಡರ್ ಇವೆ. ವೆಲ್ಡಿಂಗ್ ಮಾಡುವಾಗ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಅವಳೂ ಇರುತ್ತಾಳೆ, ಪುಸ್ತಕ ಓದುತ್ತಾ.

ಎಂಜಿನ್ ಇಳಿಸಿದಾಗ ಸಿಕ್ಕ ಪಾಠ ಬೇರೆ. ಆಯಿಲ್ ಚೇಂಬರ್ ಬಿಚ್ಚಿದರೆ ತಳದ ಕೆಸರಿನಲ್ಲಿ ಕಂದು ಬಣ್ಣದ ಚೂರುಗಳು. ಬೆಲ್ಲದ ಪುಡಿ ಇದ್ದ ಹಾಗೆ. ಏನಪ್ಪಾ ಅಂತ ನೋಡಿದರೆ, ಟೈಮಿಂಗ್ ಚೈನಿನ ಮೇಲಿನ ಗೇರಿನ ಹಲ್ಲುಗಳು. ಆ ಕಾಲದಲ್ಲಿ ಸದ್ದು ಕಮ್ಮಿಯಾಗಲಿ ಅಂತ ಅಲ್ಯೂಮಿನಿಯಂ ಗೇರಿಗೆ ನೈಲಾನ್ ಹಲ್ಲು ಕೂರಿಸುತ್ತಿದ್ದರು. ವರ್ಷಗಳು ಕಳೆದಂತೆ ನೈಲಾನ್ ಬಿಸಿಗೆ ಒಣಗಿ, ಮುರಿದು ಕೆಳಗೆ ಬೀಳುತ್ತದೆ. ಚೈನು ಹಲ್ಲು ಬಿಟ್ಟು ಹಾರಿದರೆ ಗಾಡಿ ನಿಂತಲ್ಲೇ ನಿಂತಿತು. ಅದಕ್ಕಿಂತ ಕೆಟ್ಟದ್ದು, ಆ ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತು ಎಂಜಿನ್ನಿಗೆ ಆಯಿಲ್ಲೇ ಹೋಗದಂತೆ ಮಾಡುವುದು. "ಎಂಜಿನ್ ಚೆನ್ನಾಗಿ ಓಡ್ತಿದೆ, ಯಾಕೆ ಬಿಚ್ಚಬೇಕು" ಅಂತ ಕೇಳುವವರಿಗೆ ನಾನು ಆ ಚೂರುಗಳ ಬಾಟಲಿ ತೋರಿಸುತ್ತೇನೆ. ಇಟ್ಟುಕೊಂಡಿದ್ದೇನೆ, ಎಸೆದಿಲ್ಲ.

ಪೇಂಟಿಂಗ್ ವಿಷಯ ಇಲ್ಲಿ ಬೇಡ. ಒಂದೇ ಮಾತು: ಎರಡು ಡಬ್ಬಿಯದನ್ನು ಕಲಸಿ ಹೊಡೆಯುವ ಈಗಿನ ಪೇಂಟುಗಳಲ್ಲಿ ಐಸೊಸೈನೇಟ್ ಅನ್ನುವ, ಉಸಿರಿಗೆ ಕೆಟ್ಟ ರಾಸಾಯನಿಕ ಇರುತ್ತದೆ. ಯೂಟ್ಯೂಬ್ ನೋಡಿಕೊಂಡು, ಸಾದಾ ಮಾಸ್ಕ್ ಹಾಕಿಕೊಂಡು ಮನೆಯಲ್ಲಿ ಹೊಡೆಯಬೇಡಿ. ಶ್ವಾಸಕೋಶ ಮತ್ತೊಂದು ಸಿಗಲ್ಲ.

ಈಗ ಅಜ್ಜನ ವಿಷಯ. ಅವರು ಇಲ್ಲೇ ಹತ್ತಿರದ, ಪಾಂಟಿಯಾಕ್ ಅಂತಲೇ ಹೆಸರಿರುವ ಊರಿನ ಕಾರ್ಖಾನೆಯಲ್ಲಿ ಆ ವರ್ಷಗಳಲ್ಲೇ ಕೆಲಸ ಮಾಡಿದವರು. ನನ್ನ ಕಾರಿನ ಚಾಸಿ ನಂಬರಿನ ಪಟ್ಟಿಯಲ್ಲಿ ಪಿ ಅಕ್ಷರ ಇದೆ, ಅಂದರೆ ಅದೇ ಕಾರ್ಖಾನೆಯದು. ಮೊದಲ ದಿನ ಅವರು ಬಂದಾಗ ನಾನು ಬಾಗಿಲು ಮತ್ತು ಮಡ್‌ಗಾರ್ಡ್ ನಡುವಿನ ಸಂದು ಸರಿಪಡಿಸುತ್ತಾ ಮೂರನೇ ದಿನ ಒದ್ದಾಡುತ್ತಿದ್ದೆ. ಮೇಲೆ ನಾಲ್ಕು ಮಿಲಿಮೀಟರ್, ಕೆಳಗೆ ಆರು. ಅವರು ನೋಡಿ, "ಇಷ್ಟು ಚೆನ್ನಾಗಿ ಕೂತ ಬಾಗಿಲು ನಮ್ಮ ಲೈನಿನಲ್ಲಿ ನಾನು ನೋಡೇ ಇಲ್ಲ ಕಣಯ್ಯ" ಅನ್ನುವ ಅರ್ಥ ಬರುವ ಹಾಗೆ ಏನೋ ಹೇಳಿದರು. ನನಗೆ ಒಂದು ಕಡೆ ಅವಮಾನ, ಒಂದು ಕಡೆ ಹಗುರ.

ಅವರ ಬಾಯಿಂದಲೇ ಕೇಳಿದ್ದು: ಲೈನಿನಲ್ಲಿ ಜಿಟಿಓ ಬರುತ್ತಿತ್ತು, ಅದರ ಹಿಂದೆ ಲೆಮಾನ್ಸ್, ಅದರ ಹಿಂದೆ ಇನ್ನೂ ಅಗ್ಗದ ಟೆಂಪೆಸ್ಟ್. ಒಂದೇ ಕೈ ಎಲ್ಲದಕ್ಕೂ ಬೋಲ್ಟ್ ಬಿಗಿಯುತ್ತಿತ್ತು. ಆದರೆ ಅವರು ಕೊಂಡದ್ದು ಲೆಮಾನ್ಸ್. ಯಾಕೆ ಅಂತ ಕೇಳಿದೆ. ವಯಸ್ಸು ಇಪ್ಪತ್ತೆರಡು, ಜಿಟಿಓಗೆ ಇನ್ಶೂರೆನ್ಸ್ ಕಂಪನಿಯವರು ಕೇಳುತ್ತಿದ್ದ ದುಡ್ಡು ಕಟ್ಟಲು ಆಗುತ್ತಿರಲಿಲ್ಲ ಅಂದರು. ಮದುವೆಗೆ ಹೋದದ್ದು, ಮೊದಲ ಮಗುವನ್ನು ಆಸ್ಪತ್ರೆಯಿಂದ ಕರೆತಂದದ್ದು, ಎಲ್ಲ ಆ ಕಾರಿನಲ್ಲೇ. ಅದು ತುಕ್ಕು ಹಿಡಿದು ಗುಜರಿಗೆ ಹೋಯಿತು.

ಪಾಂಟಿಯಾಕ್ ಕಂಪನಿಯ ಹಳೇ ದಾಖಲೆ ಇಟ್ಟುಕೊಂಡವರು ಇದ್ದಾರೆ, ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಅಂತ. ದುಡ್ಡು ಕಟ್ಟಿ ನಂಬರ್ ಕಳಿಸಿದರೆ ನಿಮ್ಮ ಕಾರಿನ ಕಾರ್ಖಾನೆ ಬಿಲ್ಲಿನ ಪ್ರತಿ ಕಳಿಸುತ್ತಾರೆ. ನನ್ನದು ಬಂದಾಗ ನೋಡಿದರೆ ಬಣ್ಣ ಲಿಂಡೆನ್ ಗ್ರೀನ್. ಎಳೆ ಬಾಳೆ ಎಲೆಯ ಹಿಂಬದಿ ಇರುತ್ತದಲ್ಲ, ಆ ತರಹ ಒಂದು ಮಂಕು ಹಸಿರು. ರೇಡಿಯೋ, ಹೀಟರ್, ಆಟೋಮ್ಯಾಟಿಕ್. ಅಷ್ಟೇ. ಯಾರೋ ಸಂಸಾರಸ್ಥರು ಲೆಕ್ಕ ಹಾಕಿ ಹಾಕಿ ಆರ್ಡರ್ ಮಾಡಿದ ಕಾರು. ಆ ಕಾಗದ ಅಜ್ಜನಿಗೆ ತೋರಿಸಿದೆ. ಕನ್ನಡಕ ತೆಗೆದು ಹತ್ತಿರ ಹಿಡಿದು ತುಂಬಾ ಹೊತ್ತು ಓದಿದರು.

ಈಗ ಗೆಳೆಯರ ವಾದ. ಅವರು ದಡ್ಡರಲ್ಲ, ಅವರ ಹತ್ತಿರ ಒಂದು ಒಳ್ಳೇ ಅಸ್ತ್ರ ಇದೆ. "ಜಿಟಿಓ ಹುಟ್ಟಿದ್ದೇ ಹೀಗಲ್ವಾ?" ಅಂತಾರೆ. ನಿಜ. 1963ರ ಆರಂಭದಲ್ಲಿ ಜನರಲ್ ಮೋಟರ್ಸ್ ತನ್ನ ಕಂಪನಿಗಳಿಗೆ ರೇಸಿಂಗ್ ಬೇಡ ಅಂದಿತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಕೂಡದು ಅಂತಲೂ ನಿಯಮ ಇತ್ತು. ಪಾಂಟಿಯಾಕ್‌ನ ಎಂಜಿನಿಯರುಗಳಾದ ಜಾನ್ ಡಿಲೋರಿಯನ್, ಬಿಲ್ ಕಾಲಿನ್ಸ್, ರಸ್ ಗೀ ಒಂದು ದಾರಿ ಹುಡುಕಿದರು. ಹೊಸ ಮಾಡೆಲ್ ಅಂದರೆ ತಾನೇ ಮೇಲಿನವರ ಒಪ್ಪಿಗೆ? ಲೆಮಾನ್ಸ್‌ಗೆ ಬೇಕಾದವರು ಹಾಕಿಸಿಕೊಳ್ಳುವ ಒಂದು ಆಪ್ಷನ್ ಅಂದುಬಿಟ್ಟರೆ? ದೊಡ್ಡ ಪಾಂಟಿಯಾಕ್‌ಗಳ 389 ಎಂಜಿನ್ ತಂದು ಇದರಲ್ಲಿ ಕೂರಿಸಿದರು. ಹೆಸರನ್ನು ಫೆರಾರಿಯಿಂದ ಎತ್ತಿದರು. 1964ರ ಮಾಡೆಲ್ ಆಗಿ ಬಂತು, ಮೊದಲ ವರ್ಷವೇ 32,450 ಮಾರಾಟವಾಯಿತು. ಬ್ಯಾಡ್ಜಿನ ಮೇಲೆ 6.5 ಲೀಟರ್ ಅಂತ ಬರೆದಿದ್ದರು, 389 ಕ್ಯೂಬಿಕ್ ಇಂಚನ್ನು ಲೆಕ್ಕ ಹಾಕಿದರೆ 6.4 ಕೂಡ ಪೂರ್ತಿ ಆಗಲ್ಲ! ಅಂದರೆ ಮೊದಲ ಜಿಟಿಓನೇ ಸ್ವಲ್ಪ ಸುಳ್ಳು ಹೇಳುತ್ತಾ ಹುಟ್ಟಿದ್ದು.

ಅದನ್ನು ಒಪ್ಪುತ್ತೇನೆ. ಆದರೆ ಅವರು ಸುಳ್ಳು ಹೇಳಿದ್ದು ತಮ್ಮ ಮೇಲಧಿಕಾರಿಗಳಿಗೆ. ಕೊಂಡವನಿಗೆ ಸಿಕ್ಕಿದ್ದು 389 ಎಂಜಿನ್ನೇ. ಈಗ ಬ್ಯಾಡ್ಜ್ ಅಂಟಿಸುವವರು ಮೋಸ ಮಾಡುವುದು ಮುಂದೆ ಕೊಳ್ಳುವವನಿಗೆ. 1966ರಿಂದ ಜಿಟಿಓ ಬೇರೆ ಮಾಡೆಲ್ ಆಯಿತು, ಚಾಸಿ ನಂಬರ್ 242ರಿಂದ ಶುರುವಾಗುತ್ತದೆ. ಲೆಮಾನ್ಸ್‌ದು 237ರಿಂದ. ಚಾಲಕನ ಬಾಗಿಲು ತೆಗೆದರೆ ಹಿಂಜಿನ ಕಂಬದಲ್ಲಿ ಪಟ್ಟಿ ಇದೆ, ಓದಿಕೊಳ್ಳಬಹುದು. ಓದದವರು ಜಾಸ್ತಿ, ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡ ನನ್ನಂಥವರು.

"ಇದು ಕಾಪಿ ಅಂತ ಹೇಳಿಯೇ ಮಾರಿದರೆ?" ಅಂತ ಇನ್ನೊಬ್ಬರು ಕೇಳಿದ್ದರು. ಆಗ ಮೋಸ ಇಲ್ಲ, ಸರಿ. ಆದರೂ ನಾನು ಮಾಡಲ್ಲ. ಕಾರಣ ಲೆಕ್ಕದ್ದಲ್ಲ. ಪ್ರತಿ ವರ್ಷ ಆಗಸ್ಟ್ ಮೂರನೇ ಶನಿವಾರ ಇಲ್ಲಿಯ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೇ ಕಾರುಗಳ ಜಾತ್ರೆ, 1995ರಿಂದ ನಡೆಯುತ್ತಿದೆ. ಅರವತ್ತರ ದಶಕದಲ್ಲಿ ಹುಡುಗರು ಸಿಗ್ನಲ್‌ನಿಂದ ಸಿಗ್ನಲ್‌ಗೆ ರೇಸ್ ಹಚ್ಚುತ್ತಿದ್ದ ರಸ್ತೆ ಅದು. ಹೋದ ವರ್ಷ ಮಡಚುವ ಕುರ್ಚಿ ಹಾಕಿಕೊಂಡು ಅಜ್ಜನ ಜೊತೆ ಬೆಳಗಿನಿಂದ ಕೂತಿದ್ದೆ. ಜಿಟಿಓಗಳನ್ನು ಎಣಿಸುವುದು ಬಿಟ್ಟೆವು, ಅಷ್ಟಿದ್ದವು. 1967ರ ಲೆಮಾನ್ಸ್ ಎರಡು ಕಂಡೆವು. ಕಾರ್ಖಾನೆಯಿಂದ ಹೊರಬಂದದ್ದಕ್ಕಿಂತ ಜಾಸ್ತಿ ಜಿಟಿಓಗಳು ಈಗ ಓಡಾಡುತ್ತಿವೆ ಅಂತ ಇಲ್ಲಿ ಜೋಕ್ ಇದೆ. ಆ ಹೆಚ್ಚುವರಿ ಜಿಟಿಓಗಳೆಲ್ಲ ಒಂದು ಕಾಲದ ಲೆಮಾನ್ಸ್‌ಗಳು. ಅಜ್ಜ ಓಡಿಸಿದಂಥ ಕಾರುಗಳು.

ನಾನು ಬೆಳೆದದ್ದು ಮೈಸೂರಿನ ಪಡುವಾರಹಳ್ಳಿಯಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿದಾಗ ನಮ್ಮ ಬೀದಿಯಲ್ಲೇ ಕೆಲಸ ಕಳೆದುಕೊಂಡವರಿದ್ದರು. ಆಮೇಲೆ ಹಳೇ ಜಾವಾಗೆ ಬೆಲೆ ಬಂತು. ಬೀದಿಯ ಕೊನೆಯ ಮನೆಯ ಹುಡುಗ, ಅಲ್ಲೇ ತಯಾರಾದ ಅವರಪ್ಪನ ಯೆಜ್ದಿ ಬೈಕಿಗೆ ಜಾವಾ ಬ್ಯಾಡ್ಜ್ ಹಾಕಿಸಿಕೊಂಡು ಬಂದ. ಅವರಪ್ಪ ಅದೇ ಕಾರ್ಖಾನೆಯ ಅಸೆಂಬ್ಲಿಯಲ್ಲಿದ್ದವರು. ಬೈಯಲಿಲ್ಲ, ಏನೂ ಅನ್ನಲಿಲ್ಲ. ಗಾಡಿ ಹತ್ತಿರ ಬಂದು ಟ್ಯಾಂಕ್ ಮೇಲೆ ಕೈ ಆಡಿಸಿ ಒಳಗೆ ಹೋದರು. ಆಗ ನನಗೆ ಅದೇನೂ ದೊಡ್ಡದಾಗಿ ಕಂಡಿರಲಿಲ್ಲ.

ದುಡ್ಡಿನ ವಿಷಯ ಕೇಳುವವರಿಗೆ: ಹೌದು, ಮುಗಿಸಿದ ಮೇಲೆ ಮಾರಿದರೆ ಹಾಕಿದ್ದರಲ್ಲಿ ಅರ್ಧವೂ ಬರಲ್ಲ. ರಸೀದಿಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕುತ್ತೇನೆ, ಕೂಡಿಸುವುದಿಲ್ಲ. ಹೆಂಡತಿಯೂ ಕೂಡಿಸಲ್ಲ ಅಂತ ಮಾತು ಕೊಟ್ಟಿದ್ದಾಳೆ.

ಸದ್ಯ ಕಾರು ಎಲ್ಲಿದೆ ಅಂದರೆ, ನೆಲ ಮುಗಿದಿದೆ. ಗಾಜಿನ ಅಂಚು ಮುಗಿದಿದೆ. ಎಂಜಿನ್ ತಿಳಿನೀಲಿ ಬಣ್ಣ ಬಳಿದುಕೊಂಡು ಸ್ಟ್ಯಾಂಡ್ ಮೇಲೆ ಕೂತಿದೆ, ಈ ಸಲ ಪೂರ್ತಿ ಉಕ್ಕಿನ ಹಲ್ಲಿನ ಗೇರಿನ ಜೊತೆ. ಹಸಿರು ಬಣ್ಣ ಬೇಸಿಗೆಗೆ. ಸಿಕ್ಕಿಕೊಂಡಿರುವುದು ಒಂದೇ ಕಡೆ. ಮುಂದಿನ ಎಡಗಡೆ ಗ್ರಿಲ್ ಒಡೆದಿದೆ. ಕ್ಯಾಟಲಾಗ್ ತಿರುವಿದರೆ 1967ರ ಜಿಟಿಓ ಗ್ರಿಲ್ ಹೊಸದಾಗಿ ಮಾಡಿದ್ದು ಬೇಕಾದಷ್ಟು ಸಿಗುತ್ತದೆ. ಲೆಮಾನ್ಸ್‌ದು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ. ಬದಲಾಯಿಸಿದವರೆಲ್ಲ ಹಳೆಯದನ್ನು ಎಸೆದಿರಬೇಕು. ಒಹಾಯೊ, ಇಂಡಿಯಾನಾ ಕಡೆ ಇರುವ ಗೆಳೆಯರೇ, ನಿಮ್ಮೂರ ಗುಜರಿ ಅಂಗಡಿಯ ಮೂಲೆಯಲ್ಲೋ, ಯಾರದೋ ಕೊಟ್ಟಿಗೆಯ ಗೋಡೆಯ ಮೇಲೋ ಅಂಥದ್ದು ಕಂಡರೆ ಒಂದು ಫೋಟೋ ತೆಗೆದು ಇನ್‌ಬಾಕ್ಸ್ ಮಾಡಿ. ಎಡಗಡೆಯದು. ಬಿರುಕು ಬಿಟ್ಟಿದ್ದರೂ ಪರವಾಗಿಲ್ಲ, ನಾನೇ ಬಂದು ತಗೊಂಡು ಹೋಗುತ್ತೇನೆ.