ಇದಕ್ಕೆ ಎಷ್ಟನೇ ಜ್ವರ?

ಶಿಡ್ಲಘಟ್ಟದ ಹತ್ತಿರ ನಮ್ಮ ಚಿಕ್ಕಮ್ಮ ರೇಷ್ಮೆ ಹುಳು ಸಾಕುತ್ತಾರೆ. ದೊಡ್ಡ ಹುಳುವಿಗೆ ಶಾಖ 24-25 ಡಿಗ್ರಿ ಇರಬೇಕು, ತೇವ ನೂರಕ್ಕೆ 70ರ ಆಸುಪಾಸು. ತೀರಾ ಹೆಚ್ಚುಕಮ್ಮಿಯಾದರೆ ಹುಳು ಸರಿಯಾಗಿ ಮೇವು ತಿನ್ನುವುದಿಲ್ಲ. ಇಎಸ್‌ಪಿ32 ಅನ್ನೋ, ವೈಫೈ ಇರುವ ಪುಟಾಣಿ ಕಂಪ್ಯೂಟರ್ ಬೋರ್ಡಿಗೆ ಸೆನ್ಸರ್ ಸಿಕ್ಕಿಸಿದರೆ ಹುಳುಮನೆಯ ಸಮಾಚಾರವೆಲ್ಲ ಫೋನಿಗೇ ಬರುತ್ತದೆ ಅಂತ ಹೇಳಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತಂದೆ. ಆಗ ಹುಳು ಮೂರನೇ ಜ್ವರದಲ್ಲಿತ್ತು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಅಲುಗಾಡದೆ ಕೂರುತ್ತದಲ್ಲ, ಅದೇ ಜ್ವರ.

ಮೊದಲ ಜಗಳ ಕೇಬಲ್ ಜೊತೆ. ಬೋರ್ಡಿನ ಕೆಂಪು ದೀಪ ಉರಿಯುತ್ತಿದೆ, ಲ್ಯಾಪ್‌ಟಾಪ್ ಮಾತ್ರ ಇಲ್ಲಿ ಏನೂ ಇಲ್ಲ ಅನ್ನುತ್ತದೆ. ಲ್ಯಾಪ್‌ಟಾಪಿಗೆ ಬೋರ್ಡಿನ ಗುರುತು ಹತ್ತಿಸುವ ಸಿಎಚ್340 ಡ್ರೈವರ್ ಸಾಫ್ಟ್‌ವೇರ್ ಹಾಕಿದ್ದಾಯಿತು, ತೆಗೆದಿದ್ದಾಯಿತು, ಮತ್ತೆ ಹಾಕಿದ್ದೂ ಆಯಿತು. ನೋಡಿದರೆ ಅದು ಬರೀ ಚಾರ್ಜಿಂಗ್ ಕೇಬಲ್ಲು! ಒಳಗೆ ಕರೆಂಟಿನ ಎರಡು ತಂತಿ ಇವೆ, ಡೇಟಾದ ಎರಡು ಇಲ್ಲ. ಮೇಲಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗಲ್ಲ. ಒಂದು ಚೀಟಿ ಅಂಟಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬೇರೆ ಕೇಬಲ್ ಹಾಕಿ ಅಪ್‌ಲೋಡ್ ಒತ್ತಿದೆ. ‘ಕನೆಕ್ಟಿಂಗ್’ ಅಂತ ಬಂತು. ಆಮೇಲೆ ರಂಗೋಲಿಗೆ ಇಟ್ಟ ಹಾಗೆ ಚುಕ್ಕಿ, ಗೆರೆ, ಮತ್ತೆ ಚುಕ್ಕಿ. ಕೊನೆಗೆ ‘ಟೈಮ್ಡ್ ಔಟ್’. ಅದೇನಂದರೆ, ಕೆಲವು ಬೋರ್ಡುಗಳಿಗೆ ಕೋಡ್ ಹತ್ತಬೇಕಾದರೆ ‘ಬೂಟ್’ ಅನ್ನೋ ಪುಟಾಣಿ ಬಟನ್ ಒತ್ತಿ ಹಿಡಿಯಬೇಕು. ನನ್ನ ಒಂದು ಕೈ ಲ್ಯಾಪ್‌ಟಾಪ್ ಮೇಲೆ, ಇನ್ನೊಂದು ಕೈ ಸಡಿಲ ತಂತಿ ಮೇಲೆ. ಸೊಪ್ಪು ಹಾಕುತ್ತಿದ್ದ ಚಿಕ್ಕಮ್ಮನನ್ನೇ ಕರೆದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು ಒತ್ತಿ ಹಿಡಿದರು. ಬೋರ್ಡು ಮಿಸುಕಲಿಲ್ಲ.

“ಇದಕ್ಕೆ ಎಷ್ಟನೇ ಜ್ವರ?” ಅಂದರು.

ಇದಕ್ಕೆ ಮದ್ದು ಇಲ್ಲದಿಲ್ಲ. ಬೋರ್ಡನ್ನು ರೀಸೆಟ್ ಮಾಡುವ ಇಎನ್ ಪಿನ್ನಿಗೂ ಗ್ರೌಂಡಿಗೂ ಮಧ್ಯೆ ಒಂದು ಸಣ್ಣ ಕೆಪ್ಯಾಸಿಟರ್ ಹಾಕಿದರೆ ಬಟನ್ ಒತ್ತುವ ಕಾಟ ಸಾಮಾನ್ಯವಾಗಿ ತಪ್ಪುತ್ತದೆ. ಶಿಡ್ಲಘಟ್ಟ ಪೇಟೆಗೆ ಹೋಗಿ ಕೇಳಿದೆ. ಅಂಗಡಿಯವರು “ಎಷ್ಟು ಎಚ್‌ಪಿ ಮೋಟರು?” ಅಂತ ಕೇಳಿ, ಬೋರ್‌ವೆಲ್ ಮೋಟರಿನ ಮುಷ್ಟಿ ಗಾತ್ರದ ಕೆಪ್ಯಾಸಿಟರ್ ತೆಗೆದು ಮುಂದಿಟ್ಟರು. ನನ್ನ ಬೋರ್ಡು ಅದರ ಪಕ್ಕ ಇಟ್ಟರೆ ಕಾಣಿಸುವುದೇ ಇಲ್ಲ. ಸುಮ್ನೆ ವಾಪಸ್ ಬಂದೆ. ಚಿಕ್ಕಮ್ಮನ ಹೆಬ್ಬೆರಳೇ ಗತಿಯಾಯಿತು.

ಕೋಡೇನೋ ಹತ್ತಿತು. ವೈಫೈ ಆನ್ ಆದ ಕೂಡಲೇ ಬೋರ್ಡು ‘ಬ್ರೌನ್‌ಔಟ್’ ಅಂತ ಹೇಳಿ ತಾನಾಗೇ ರೀಸ್ಟಾರ್ಟ್. ವೈಫೈ ಎದ್ದಾಗ ಅದು ಒಮ್ಮೆಗೇ ಜಾಸ್ತಿ ಕರೆಂಟು ಎಳೆಯುತ್ತದೆ. ಸಪ್ಲೈ ತಡೆಯದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಮತ್ತೆ ಮೊದಲಿಂದ ಶುರು. ದಪ್ಪ ಚಾರ್ಜರ್ ಹಾಕಿದ ಮೇಲೆ ನಿಂತಿತು. ಅಷ್ಟು ಹೊತ್ತಿಗೆ ಹುಳು ನಾಲ್ಕನೇ ಜ್ವರವನ್ನೂ ಮುಗಿಸಿ, ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹತ್ತಲು ರೆಡಿಯಾಗಿತ್ತು. “ನಿನ್ನ ತಂತಿ ತೆಗಿಯಪ್ಪ, ಚಂದ್ರಿಕೆ ಇಡೋಕೆ ಜಾಗ ಇಲ್ಲ” ಅಂದರು ಚಿಕ್ಕಮ್ಮ.

ಈಗ ಬೋರ್ಡು ಅವರ ಅಡುಗೆಮನೆ ಕಿಟಕಿಯಲ್ಲಿದೆ. ವೈಫೈ ಅಲ್ಲೇ ಚೆನ್ನಾಗಿ ಸಿಗೋದು. ಸಾರು ಕುದಿದಾಗಲೆಲ್ಲ ಹುಳುಮನೆಯಲ್ಲಿ ತೇವ ಜಾಸ್ತಿಯಾಗಿದೆ, ಕೂಡಲೇ ಕಿಟಕಿ ತೆಗೆಯಿರಿ ಅಂತ ಚಿಕ್ಕಮ್ಮನ ಫೋನಿಗೆ ಮೆಸೇಜ್ ಹೋಗುತ್ತದೆ.