ಬ್ಲೇಡಿನಲ್ಲಿ ಸೀಳಿದ ಟ್ಯೂಬು

ನಿನ್ನೆ ಸಂಜೆ ನನ್ನ ಮೆಡಿಕಲ್ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಒಬ್ಬಳು ಹೆಣ್ಣುಮಗಳು ಬಂದಳು. ಸೆರಗಿನ ಗಂಟಿನಿಂದ ಒಂದು ಮುಲಾಮಿನ ಟ್ಯೂಬು ತೆಗೆದು ಗಾಜಿನ ಮೇಲಿಟ್ಟಳು. ಹಿಂಡಿ ಹಿಂಡಿ ಸುರುಳಿಯಾಗಿತ್ತು. ಕೊನೆಗೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಂಟಿದ್ದನ್ನೂ ಬೆರಳಿನಲ್ಲಿ ಬಳಿದುಕೊಂಡಿದ್ದರು. "ಇದೇ ಕೊಡಿ ಅಣ್ಣ, ಮನೇಲಿ ನಾಲ್ಕೂ ಜನಕ್ಕೆ ಹುಳಕಡ್ಡಿ ಹತ್ತಿದೆ." ಯಾವಾಗಿಂದ ಹಚ್ತಿದೀರಿ ಅಂದೆ. "ಹೋದ ದೀಪಾವಳಿಯಿಂದ."

ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಮ್ಮ ಮಲೆನಾಡಿನ ಮಳೆಗಾಲ ನಿಮಗೆ ಗೊತ್ತು. ಒಲೆ ಮೇಲೆ ನೇತುಹಾಕಿದರೂ ಒಳಬಟ್ಟೆ ಒಣಗಲ್ಲ, ಹಸಿಯಲ್ಲೇ ಉಟ್ಟು ತೋಟಕ್ಕೆ ಹೋಗಬೇಕು. ಹುಳಕಡ್ಡಿ ಹತ್ತದೆ ಇರುತ್ತಾ? ಆ ಟ್ಯೂಬಿನಲ್ಲಿ ಹುಳಕಡ್ಡಿ ಔಷಧಿಯ ಜೊತೆಗೆ ಜೋರು ಸ್ಟಿರಾಯ್ಡೂ ಇದೆ. ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತೆ, ಕೆಂಪು ಇಳಿಯುತ್ತೆ. ಹುಳಕಡ್ಡಿ ತರುವ ಶಿಲೀಂಧ್ರ ಮಾತ್ರ ಒಳಗೊಳಗೇ ಸೊಂಟದಿಂದ ತೊಡೆಗೆ ಹಬ್ಬುತ್ತೆ. ಚರ್ಮ ತೆಳುವಾಗಿ ಬೀಳುವ ಗೆರೆಗಳು ಹೋಗೋದೇ ಇಲ್ಲ. ಸುಲಭದ ಮಾತ್ರೆಗೆ ಜಗ್ಗದ ಹಠಮಾರಿ ಹುಳಕಡ್ಡಿಯೂ ಈಗ ಬಂದಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಹೆಸರಲ್ಲೇ ನಮ್ಮ ದೇಶ ಇದೆ.

2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಅಧಿಸೂಚನೆ ಹೊರಡಿಸಿತು. ಸರಿ. ಚೀಟಿ ಬರೆಯೋರು ಎಲ್ಲಿದಾರೆ? ನಮ್ಮ ಹೋಬಳಿಯಿಂದ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು ಅಂದ್ರೆ ಶಿವಮೊಗ್ಗ. ಒಂದು ದಿನದ ಕೂಲಿ, ಬಸ್ ಚಾರ್ಜು, ಫೀಸು. "ಬರೀ ಚರ್ಮ ತಾನೆ" ಅಂತ ಮನೆಯವರೇ ಕಳಿಸಲ್ಲ. ಇಲ್ಲಿನ ಡಾಕ್ಟರು ಒಳ್ಳೆಯವರು, ಅವರನ್ನು ದೂರಲ್ಲ. ಜ್ವರ, ಹೆರಿಗೆ, ಹಾವು ಕಚ್ಚಿದ್ದು ಎಲ್ಲಾ ಒಬ್ಬರೇ ನೋಡಬೇಕು. ಎಂಬಿಬಿಎಸ್‌ನಲ್ಲಿ ಚರ್ಮದ ವಿಭಾಗಕ್ಕೆ ಸಿಗೋದೇ ಕೆಲವು ವಾರ.

ಸರ್ಕಾರದ ಈ-ಸಂಜೀವಿನಿ ಇದೆಯಲ್ಲ, ಫೋನಲ್ಲೇ ತೋರಿಸಬಹುದಲ್ಲ ಅಂತ ನನ್ನ ತಮ್ಮನೇ ಅಂದ. ಅವನು ಬೆಂಗಳೂರಲ್ಲಿದ್ದಾನೆ. ಇಲ್ಲಿ ಸಿಗ್ನಲ್ ಬರಬೇಕಾದರೆ ಗುಡ್ಡ ಹತ್ತಬೇಕು. ತೊಡೆಸಂದಿಯ ಗಾಯವನ್ನು ಯಾರ ಎದುರು, ಯಾರ ಮೊಬೈಲಿಗೆ ತೋರಿಸಬೇಕು ಅವಳು? ಇನ್ನು ಕುಷ್ಠದ ಮಚ್ಚೆಯನ್ನು ನೋಡಿದರೆ ಸಾಲದು, ಸ್ಪರ್ಶ ಇದೆಯೋ ಇಲ್ಲವೋ ಅಂತ ಮುಟ್ಟಿ ತಿಳಿಯಬೇಕು.

ಈ ಮಾತು ನಾನು ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳ್ತೀನಿ ಅಂದ್ರೆ, ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಆರು ವರ್ಷದ ಹಿಂದೆ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಒಬ್ಬ ಕೊನೆಗೌಡ ಮುಂಗೈ ಮೇಲಿನ ಬಿಳಚಿದ ಮಚ್ಚೆ ತೋರಿಸಿದ. ತುರಿಕೆ ಇಲ್ಲ, ನೋವಿಲ್ಲ ಅಂದ. ನಾನು ಶಿಬ್ಬು ಅಂದುಕೊಂಡು ಮುಲಾಮು ಕೊಟ್ಟೆ. ಖಾಲಿಯಾದ ಹಾಗೆಲ್ಲ ಮತ್ತೆ ಕೊಟ್ಟೆ. ಬಿಸಿ ಪಾತ್ರೆ ಹಿಡಿದು ಅಂಗೈ ಬೊಬ್ಬೆ ಎದ್ದರೂ ಅವನಿಗೆ ತಿಳಿಯಲಿಲ್ಲ ಅಂತ ಗೊತ್ತಾದಾಗ ತಡವಾಗಿತ್ತು. ಒಂದು ವರ್ಷದ ಮಾತ್ರೆ ಸರ್ಕಾರವೇ ಬಿಟ್ಟಿ ಕೊಟ್ಟಿತು, ಕುಷ್ಠ ವಾಸಿಯಾಯಿತು. ಆದರೆ ಕಿರುಬೆರಳು, ಉಂಗುರದ ಬೆರಳು ಮಡಚಿಕೊಂಡಿದ್ದು ಬಿಚ್ಚಲಿಲ್ಲ. ಅವನೀಗ ಮರ ಹತ್ತಲ್ಲ. ಸಂತೆಯಲ್ಲಿ ಸಿಕ್ಕರೆ ನಗ್ತಾನೆ. ನನಗೆ ಆ ಕೈ ನೋಡೋಕಾಗಲ್ಲ.

2005ರಲ್ಲೇ ಕುಷ್ಠ ನಿರ್ಮೂಲನೆಯ ಗುರಿ ಮುಟ್ಟಿದೆವು ಅಂತ ದೇಶ ಘೋಷಿಸಿಕೊಂಡಿತು. ಇವತ್ತಿಗೂ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ರೋಗಿಗಳು ಸಿಗ್ತಿದಾರೆ. ನನ್ನಂಥವರ ಕೌಂಟರಿನಲ್ಲಿ ಮುಲಾಮು ಕೊಂಡು ಹೋದವರು ಅವರಲ್ಲಿ ಎಷ್ಟು ಜನವೋ.

ಅಷ್ಟು ತಜ್ಞರನ್ನು ಎಲ್ಲಿಂದ ತರೋದು ಅಂತೀರಾ? ತಾಂಜಾನಿಯಾದ ಮೋಶಿ ಊರಲ್ಲಿ 1992ರಿಂದ ಒಂದು ಕೇಂದ್ರ ಇದೆ. ಎಂಬಿಬಿಎಸ್ ಓದದ ಆರೋಗ್ಯ ಸಿಬ್ಬಂದಿಗೆ ಎರಡು ವರ್ಷ ಚರ್ಮರೋಗ ಕಲಿಸುತ್ತಾರೆ. ನಮ್ಮ ನರ್ಸಮ್ಮ, ಆಶಾ ಕಾರ್ಯಕರ್ತೆಯರಿಗೆ ಅದರಲ್ಲಿ ಕಾಲುಭಾಗ ಕಲಿಸಿದರೂ ಸಾಕು, ಮುಟ್ಟಿ ನೋಡುವ ಒಂದು ಕೈ ಹಳ್ಳಿಯಲ್ಲೇ ಇರುತ್ತೆ. ಜೊತೆಗೆ ತಿಂಗಳಿಗೆ ಒಂದೇ ದಿನ, ಸಂತೆಯ ಗುರುವಾರ, ಚರ್ಮದ ಡಾಕ್ಟರು ನಮ್ಮ ಆಸ್ಪತ್ರೆಗೆ ಬರಲಿ. ಅವತ್ತು ಹೇಗೂ ಎಲ್ಲರೂ ಊರಿಗೆ ಬಂದಿರ್ತಾರೆ, ಕೂಲಿ ಕಳೆದುಕೊಳ್ಳಬೇಕಿಲ್ಲ.

ನಿನ್ನೆ ಆ ಟ್ಯೂಬು ಕೊಡಲಿಲ್ಲ. ಯಾಕೆ ಅಂತ ಹೇಳಿದೆ, ಶಿವಮೊಗ್ಗಕ್ಕೆ ಹೋಗಿ ಅಂದೆ. ಅವಳು ಸೀಳಿದ ಟ್ಯೂಬನ್ನೇ ಮತ್ತೆ ಸೆರಗಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದಳು. ಅಲ್ಲೂ ಒಂದು ಮೆಡಿಕಲ್ ಇದೆ.

ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಅರ್ಜಿ ಬರೆದು ಅಂಗಡಿಯಲ್ಲಿಟ್ಟಿದೀನಿ. ಗುರುವಾರ ಸಂತೆಗೆ ಬಂದವರು ಸಹಿ ಹಾಕಿ ಹೋಗಿ.